ಅರ್ತಿಂಗ್ ಗುಂಡಿಯ ದಾಸವಾಳ

ವಿದ್ಯುತ್ತಿನ ಬಗ್ಗೆ ನನಗಿರುವ ಭಯವನ್ನು ನಾನು ಯಾವ ಸಭೆಯಲ್ಲೂ ಒಪ್ಪಿಕೊಂಡವಳಲ್ಲ. ಅದಕ್ಕೆ ಕಾರಣವಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಣ್ಣ ಸಣ್ಣ ಕೂಟಗಳಿಗೆ ಹೋಗಿ, ಫ್ಯೂಸು ಹಾಕಲು ಗಂಡಸರು ಮನೆಗೆ ಬರುವ ತನಕ ಕತ್ತಲಲ್ಲಿ ಕೂರಬೇಡಿ ಎಂದು ಹೇಳುತ್ತ ತಿರುಗುವವಳು ನಾನು. ಕೆಂಪು, ಕಪ್ಪು, ಹಸಿರು ಬಣ್ಣಗಳಲ್ಲಿ ಮೂರು ತಂತಿಗಳ ಚಿತ್ರವನ್ನು ರಟ್ಟಿನ ಮೇಲೆ ಬರೆದುಕೊಂಡಿದ್ದೆ. ಕೆಂಪಿನಲ್ಲಿ ವಿದ್ಯುತ್ತು ಬರುತ್ತದೆ, ಕಪ್ಪಿನಲ್ಲಿ ಮರಳುತ್ತದೆ, ಹಸಿರು ಸುಮ್ಮನೆ ಕಾವಲು ಕಾಯುತ್ತದೆ. ಇಷ್ಟನ್ನು ತಿಳಿದ ಹೆಂಗಸು ಯಾರ ಹಂಗಿಗೂ ಬೀಳಬೇಕಿಲ್ಲ ಎಂಬುದು ನನ್ನ ಮಾತಿನ ಮುಕ್ತಾಯವಾಗಿರುತ್ತಿತ್ತು. ಹೇಳುವಾಗ ನನ್ನ ಅಂಗೈ ಬೆವರುತ್ತಿದ್ದುದನ್ನು ರಟ್ಟಿನ ಹಿಂಬದಿ ಮಾತ್ರ ಬಲ್ಲದು.

ನಮ್ಮ ಮನೆ ಇರುವುದು ಉಮ್ಮಚಗಿಯಲ್ಲಿ. ಮುಂದಿನ ಭಾಗ ಹಳೆಯದು. ಹಿಂದಿನ ಅಡಿಗೆಮನೆ, ಬಚ್ಚಲು ನನ್ನ ಮಾವನ ಕಾಲದಲ್ಲಿ ಸೇರಿಸಿದವು. ಬಚ್ಚಲಿನ ಹಿಂದೆ ಅರ್ತಿಂಗ್ ಗುಂಡಿ. ಉಪ್ಪು, ಇದ್ದಿಲು ತುಂಬಿ ಮುಚ್ಚಿದ ಆ ಗುಂಡಿಯಿಂದ ಒಂದು ಗೇಣಿನಷ್ಟು ಕಬ್ಬಿಣದ ಪೈಪು ಮೇಲೆ ಬಂದಿದೆ. ಅದಕ್ಕೆ ಬಿಗಿದ ಹಸಿರು ತಂತಿ ಗೋಡೆಯೊಳಗೆ ಹೋಗಿ ಮನೆಯನ್ನೆಲ್ಲ ಸುತ್ತುತ್ತದೆ. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ ಕಂಡ ದೃಶ್ಯಗಳಲ್ಲಿ ಇದೂ ಒಂದು: ನನ್ನ ಅತ್ತೆ ಮಿಂದು ಬಂದು, ತುಳಸಿಗೆ ನೀರೆರೆದು, ಅದೇ ಒದ್ದೆ ಪಾದದಲ್ಲಿ ತಾಮ್ರದ ಕೊಡ ಹೊತ್ತು ಬಚ್ಚಲಿನ ಹಿಂದಕ್ಕೆ ಹೋದರು. ಬಗ್ಗಿ, ಒಂದು ಕೈಯನ್ನು ಪೈಪಿಗೆ ಊರಿ, ಗುಂಡಿಗೆ ಕೊಡ ಬರಿದು ಮಾಡಿದರು. ಆಮೇಲೆ ಪೈಪಿನ ಬಾಯಿಗೆ ಒಂದು ಕೆಂಪು ದಾಸವಾಳ ಇಟ್ಟರು. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಉಳಿದ ದಿನಗಳಲ್ಲಿ ಇದು ತಪ್ಪುತ್ತಿರಲಿಲ್ಲ.

ಹನ್ನೆರಡು ವರ್ಷ ಅದನ್ನು ನೋಡಿ ಸುಮ್ಮನಿದ್ದೆ. ಈ ವರ್ಷ ಯುಗಾದಿ ಕಳೆದ ಮೇಲೆ ಅತ್ತೆಯ ಮಂಡಿನೋವು ಹೆಚ್ಚಾಯಿತು. ಕೊಡ ಹೊತ್ತು ಒಂದೊಂದು ಮೆಟ್ಟಿಲಿಗೂ ನಿಲ್ಲುತ್ತಿದ್ದರು. ಆಗ ನಾನು ಬಾಯಿ ತೆರೆದೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗೆ ಹೋಗಿ ಕಲಿತ ಅಭ್ಯಾಸ ನನ್ನದು. ಹೇಳುವುದನ್ನು ಮೂರಾಗಿ ಒಡೆದು ಹೇಳುತ್ತೇನೆ. ಒಂದು, ಸರಿಯಾದ ವೈರಿಂಗ್ ಇರುವ ಮನೆಯಲ್ಲಿ ಹಸಿರು ತಂತಿಯಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ, ಆದ್ದರಿಂದ ದಿನವೂ ನೀರು ಬೇಕಿಲ್ಲ. ಎರಡು, ಕಬ್ಬಿಣದ ಪೈಪಿಗೆ ಹೂವಿಡುವುದು ವಿಜ್ಞಾನವನ್ನೂ ಭಕ್ತಿಯನ್ನೂ ಒಟ್ಟಿಗೆ ಅವಮಾನಿಸುವ ಕೆಲಸ. ಮೂರು, ಗಂಡಸರು ಯಾವತ್ತೋ ಹೇಳಿದ ಕೆಲಸವನ್ನು ಕಾರಣ ಕೇಳದೆ ಜೀವನವಿಡೀ ಹೊರುವುದು ಹೆಂಗಸಿಗೆ ಶೋಭೆಯಲ್ಲ.

ಅತ್ತೆ ಹಲಸಿನಕಾಯಿ ತೊಳೆ ಬಿಡಿಸುತ್ತ ಕೇಳಿಸಿಕೊಂಡರು. ಅವರ ಕಡೆಯಿಂದ ಬಂದದ್ದು ಒಂದೇ ಮಾತು.

“ಹಾಕದಿದ್ರೆ ಅಡಿಗೆಮನೆ ಲೈಟು ಸಣ್ಣ ಆಗ್ತು.”

ಬೇಸಿಗೆಯಲ್ಲಿ ಎಲ್ಲ ಕಡೆಯೂ ವೋಲ್ಟೇಜು ಇಳಿಯುತ್ತದೆ, ಅದಕ್ಕೂ ಗುಂಡಿಯ ನೀರಿಗೂ ಸಂಬಂಧವಿಲ್ಲ ಎಂದು ನಾನು ಖಂಡಿಸಿದೆ. ಅವರು ಕೈಗೆ ಮತ್ತಷ್ಟು ಎಣ್ಣೆ ಸವರಿಕೊಂಡು, “ನಿನ್ನ ಹತ್ರ ಮಾತಾಡಿ ಗೆದ್ದವ್ರು ಯಾರಿದ್ದ ತಂಗಿ? ಆತು, ನಾಳಿಂದ ಹಾಕ್ತ್ನಿಲ್ಲೆ” ಎಂದರು. ಮಾತು ಕೊಟ್ಟಂತೆಯೇ ನಿಲ್ಲಿಸಿಯೂ ಬಿಟ್ಟರು. ಮರುದಿನದ ಹೂವು ದೇವರ ಮನೆಗೆ ಹೋಯಿತು. ಒಬ್ಬ ಮುದುಕಿಯ ತಲೆಯಿಂದ ಒಂದು ಕೊಡ ಭಾರ ಇಳಿಸಿದ ಸಮಾಧಾನದಲ್ಲಿ ನಾನಿದ್ದೆ.

ಮೂರು ವಾರದೊಳಗೆ ಅಡಿಗೆಮನೆಯ ಬಲ್ಬು ಹಳದಿಯಾಯಿತು. ಮಿಕ್ಸರ್ ಕಾಯಿ ಬೀಸಲು ಶುರುಮಾಡಿ, ಏದುಸಿರು ಬಿಟ್ಟು, ಅರ್ಧಕ್ಕೆ ನಿಲ್ಲತೊಡಗಿತು. ಫ್ರಿಜ್ಜಿನ ಬಾಗಿಲಲ್ಲಿ ಬಣ್ಣ ಕಿತ್ತು ಕಬ್ಬಿಣ ಕಾಣುವ ಒಂದು ಮೂಲೆಯಿತ್ತು. ಅಲ್ಲಿ ಬೆರಳು ತಾಗಿದರೆ ಸಣ್ಣ ಮುಳ್ಳು ಚುಚ್ಚಿದಂತಾಗುತ್ತಿತ್ತು. ಪ್ರತಿಯೊಂದಕ್ಕೂ ನನ್ನಲ್ಲಿ ಬೇರೆ ಬೇರೆ ಉತ್ತರವಿತ್ತು. ಬಲ್ಬು ಹಳೆಯದು, ನನ್ನ ಕೈ ಒದ್ದೆ, ಮಿಕ್ಸರಿನ ಪ್ಲಗ್ ಪಾಯಿಂಟು ಸುಟ್ಟಿದೆ. ಕೊನೆಯದಂತೂ ಕಣ್ಣಿಗೆ ಕಾಣುವ ಸತ್ಯವೇ ಆಗಿತ್ತು. ಸಾಕೆಟ್ಟಿನ ಒಂದು ತೂತು ಕರಿಗಟ್ಟಿ, ಪಿನ್ನು ಒಳಗೆ ಅಲ್ಲಾಡುತ್ತಿತ್ತು. ಶಿರಸಿಗೆ ಹೋದಾಗ ಹೊಸ ಸಾಕೆಟ್ಟು ತಂದೆ. ನಾನೇ ಹಾಕುವುದೆಂದು ನಿಶ್ಚಯಿಸಿದೆ. ಊರಿಗೆಲ್ಲ ಹೇಳುವವಳು ತನ್ನ ಮನೆಗೆ ವೈರ್‌ಮನ್ ಕರೆಸಿದರೆ ಹೇಗೆ?

ಅಂದು ನನ್ನ ಗಂಡ ಮಗಳನ್ನು ಕರೆದುಕೊಂಡು ಭೈರುಂಬೆಯ ನೆಂಟರ ಮನೆಯ ಉಪನಯನಕ್ಕೆ ಹೋಗಿದ್ದರು. ಮನೆಯಲ್ಲಿ ಅತ್ತೆ ಮತ್ತು ನಾನು. ತಿಂಡಿಯ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಜಗಲಿಯಲ್ಲಿರುವ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದೆ. ಅದು ಹಳೆಯ ಕಾಲದ ಕಬ್ಬಿಣದ ಪೆಟ್ಟಿಗೆ, ಹಿಡಿಯೂ ಕಬ್ಬಿಣದ್ದೇ. ಎರಡು ಸಲ ಒಳಗೆ ಹೋಗಿ ದೀಪ ಹತ್ತುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಳೆಯ ಸಾಕೆಟ್ಟಿನ ತಿರುಪು ಬಿಚ್ಚಿದೆ.

ಒಳಗೆ ಕಂಡದ್ದು ನನ್ನ ರಟ್ಟಿನ ಚಿತ್ರಕ್ಕೆ ಹೊಂದಲಿಲ್ಲ. ಕೆಂಪು ತಂತಿ ಅದರ ಜಾಗದಲ್ಲಿತ್ತು. ಕಪ್ಪು ತಂತಿ ಇರಬೇಕಾದಲ್ಲಿ ಹಸಿರನ್ನು ಕೂರಿಸಿದ್ದರು. ಕಪ್ಪನ್ನು ಮಡಿಸಿ, ತುದಿಗೆ ಟೇಪು ಸುತ್ತಿ, ಪೆಟ್ಟಿಗೆಯ ಮೂಲೆಗೆ ತುರುಕಿದ್ದರು. ಅರ್ತಿಂಗಿನ ದೊಡ್ಡ ತೂತು ಖಾಲಿ. ನನಗೆ ಆದದ್ದು ಸಂತೋಷ ಎಂದು ಇಂದು ನಾಚಿಕೆಯಿಂದ ಬರೆಯುತ್ತೇನೆ. ಬಣ್ಣದ ಅರ್ಥವೇ ತಿಳಿಯದ ಯಾವನೋ ಮಾಡಿದ ಅವಾಂತರವನ್ನು ಒಬ್ಬ ಹೆಂಗಸು ಸರಿಪಡಿಸುತ್ತಿದ್ದಾಳೆ! ಕಪ್ಪಿನ ಟೇಪು ಬಿಡಿಸಿ, ತುದಿ ಕೆರೆದು, ಹೊಸ ಸಾಕೆಟ್ಟಿನಲ್ಲಿ ಅದರ ಜಾಗವಾದ ನ್ಯೂಟ್ರಲಿಗೆ ಬಿಗಿದೆ. ಹಸಿರನ್ನು ಮೇಲಿನ ಅರ್ತಿಂಗಿಗೆ ಕೊಟ್ಟೆ. ಸಾಕೆಟ್ಟನ್ನು ಗೋಡೆಗೆ ಕೂರಿಸುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಹಾಗೆಯೇ ನೇತುಬಿಟ್ಟು, ಜಗಲಿಗೆ ಹೋಗಿ ಹಿಡಿ ಮೇಲೆತ್ತಿದೆ. ಅಡಿಗೆಮನೆಯ ಮೂಲೆಯಲ್ಲಿ ಫ್ರಿಜ್ಜು ಗೊರಗುಟ್ಟಿತು. ಮಿಕ್ಸರಿನ ಪಿನ್ನು ಚುಚ್ಚಿ ಗುಂಡಿ ತಿರುಗಿಸಿದೆ.

ಮಿಕ್ಸರ್ ಉಸಿರೆತ್ತಲಿಲ್ಲ. ಮೊದಲು ಏದುಸಿರಾದರೂ ಇತ್ತು. ಈಗ ಅದೂ ಇಲ್ಲ.

ತಿರುಪುಗಳನ್ನು ನೋಡಿದೆ, ಬಿಗಿಯಾಗಿದ್ದವು. ಮಿಕ್ಸರನ್ನು ಮುಂದಿನ ಕೋಣೆಯ ಪಾಯಿಂಟಿಗೆ ಒಯ್ದು ಚುಚ್ಚಿದೆ, ಗರ್ರೆಂದು ತಿರುಗಿತು. ಹಾಗಾದರೆ ದೋಷ ಮಿಕ್ಸರಿನದ್ದಲ್ಲ. ಟೆಸ್ಟರ್ ತಂದು ಸಾಕೆಟ್ಟಿನ ಬಲದ ತೂತಿಗೆ ಇಟ್ಟೆ. ಕೆಂಪಗೆ ಉರಿಯಿತು, ವಿದ್ಯುತ್ತು ಬಂದಿದೆ. ಎಡದ್ದಕ್ಕೆ ಇಟ್ಟೆ. ಉರಿಯಲಿಲ್ಲ, ಅದೂ ಸರಿ. ಅಭ್ಯಾಸವೆಂಬಂತೆ ಮೇಲಿನ ದೊಡ್ಡ ತೂತಿಗೂ ಇಟ್ಟೆ.

ಅಲ್ಲಿ ಟೆಸ್ಟರ್ ಉರಿಯಿತು. ಮಂಕಾಗಿ, ಆದರೆ ಉರಿಯಿತು.

ಕಾವಲು ಕಾಯುವ ತಂತಿ ಅದು. ಅದರಲ್ಲಿ ಬೆಳಕು ಕಾಣಕೂಡದು. ನನ್ನ ತಪ್ಪೇ ಇರಬೇಕೆಂದು ಮಿಕ್ಸರನ್ನು ಮರಳಿ ತಂದು ಚುಚ್ಚಿ, ಗುಂಡಿ ಹಾಕಿಟ್ಟು, ನೇತಾಡುವ ಸಾಕೆಟ್ಟಿನ ಹಿಂಬದಿಯ ತಿರುಪುಗಳಿಗೆ ಒಂದೊಂದಾಗಿ ಟೆಸ್ಟರ್ ತಾಗಿಸಿದೆ. ಕೆಂಪಿನಲ್ಲಿ ಉರಿಯಿತು. ಹಸಿರಿನಲ್ಲಿ ಉರಿಯಿತು. ಈಗ ಕಪ್ಪಿನಲ್ಲೂ ಉರಿಯಿತು. ಮೂರರಲ್ಲೂ ವಿದ್ಯುತ್ತಿದೆ, ಯಂತ್ರ ಮಾತ್ರ ಓಡುವುದಿಲ್ಲ. ನಾನು ಊರೂರು ತಿರುಗಿ ಹೇಳಿದ ಪಾಠದಲ್ಲಿ ಇಂಥದ್ದಕ್ಕೆ ಜಾಗವಿರಲಿಲ್ಲ. ಟೆಸ್ಟರ್ ಹಿಡಿದ ಕೈ ನನ್ನದಲ್ಲವೆಂಬಂತೆ ದೂರ ಕಾಣುತ್ತಿತ್ತು.

ಏನೋ ತೋಚಿ, ಫ್ರಿಜ್ಜಿನ ಬಾಗಿಲ ಆ ಬಣ್ಣ ಹೋದ ಮೂಲೆಗೆ ಟೆಸ್ಟರ್ ತಾಗಿಸಿದೆ. ಉರಿಯಿತು.

ಆ ಬಾಗಿಲನ್ನು ನನ್ನ ಮಗಳು ದಿನಕ್ಕೆ ಹತ್ತು ಸಲ ತೆಗೆಯುತ್ತಾಳೆ. ನಾಲ್ಕನೆಯ ತರಗತಿ ಮುಗಿಸಿದ ಹುಡುಗಿ. ಬಚ್ಚಲಿಂದ ಬಂದವಳೇ ಒದ್ದೆ ಕಾಲಲ್ಲಿ ನೀರಿನ ಬಾಟಲಿಗೆ ಓಡುತ್ತಾಳೆ. ಅವಳು ಒಂದು ಸಲ “ಆಯಿ, ಇದು ಕಚ್ತು” ಎಂದಿದ್ದಳು. ಕೈ ಒರೆಸಿಕೊಂಡು ಮುಟ್ಟು ಎಂದು ಗದರಿಸಿದ್ದೆ.

ಅತ್ತೆ ಬಾಗಿಲಲ್ಲಿ ನಿಂತು, “ಎಂತಾತೆ? ತಿರಗ್ತಿಲ್ಯಾ?” ಎಂದು ಕೇಳಿದರು. ಇಲ್ಲವೆಂದೆ. ಫ್ರಿಜ್ಜು ಮುಟ್ಟಬೇಡಿ ಎಂದೆ. ಅವರು ಹಿತ್ತಲ ಕಡೆ ಹೋದರು. ಗಂಡನಿಗೆ ಫೋನು ಮಾಡಿದೆ. ಭೈರುಂಬೆಯಲ್ಲಿ ಸಿಗ್ನಲ್ ಇರಲಿಲ್ಲವೋ ಏನೋ, ಹೋಗಲಿಲ್ಲ. ಕೊನೆಗೆ, ಯಾರಿಗೆ ಮಾಡಬಾರದೆಂದು ಬೆಳಿಗ್ಗೆ ನಿಶ್ಚಯಿಸಿದ್ದೆನೋ ಆ ವೈರ್‌ಮನ್ನಿಗೇ ಮಾಡಿದೆ. ಮುಂಡಗೋಡ ಕಡೆಯಿಂದ ಬಂದು ನಮ್ಮೂರಲ್ಲಿ ನೆಲೆಸಿರುವ ನಡುವಯಸ್ಸಿನವರು. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡಿಗೆಮನೆಯ ಕಿಟಕಿಯ ಹತ್ತಿರ ಮಾತ್ರ, ಅಲ್ಲೇ ನಿಂತು ನಡೆದದ್ದನ್ನೆಲ್ಲ ಕ್ರಮವಾಗಿ ವಿವರಿಸತೊಡಗಿದೆ. ಅವರು ನಡುವೆ ಬಾಯಿ ಹಾಕಿ ಒಂದೇ ಪ್ರಶ್ನೆ ಕೇಳಿದರು.

“ಅಕ್ಕಾರ, ಹಸ್ರು ವಾಯರ್ ಮೊದ್ಲ ಎಲ್ಲಿತ್ತು?”

ಕಪ್ಪಿನ ಜಾಗದಲ್ಲಿ ಎಂದೆ.

“ಹಂಗಾರ ಮಾತ ಸಾಕು. ನಿಮ್ಮ ಅಡಗಿಮನಿ ಕರೆಂಟು ಹಸ್ರಿನಾಗ ವಾಪಸ್ ಹೋಗಿ ಗುಂಡ್ಯಾಗ ಇಳೀತೈತಿ. ಮೇನ್ ಇಳಸ್ರಿ ಮೊದ್ಲ. ಮೇನಿನ ಪೆಟಿಗಿಗೂ ಅದೇ ವಾಯರ್ ಇರ್ತೈತಿ, ಬರಿಗೈಲೆ ಮುಟ್ಟಬ್ಯಾಡ್ರಿ. ಹೊರಗ ಪೈಪಿನ ಕಡೆ ಯಾರನೂ ಬಿಡಬ್ಯಾಡ್ರಿ.”

ನಾನು ಕಿಟಕಿಯ ಹೊರಗೆ ನೋಡಿದೆ. ಅತ್ತೆ ತುಂಬಿದ ತಾಮ್ರದ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಬರಿಗಾಲಲ್ಲಿ, ಬಚ್ಚಲಿನ ಹಿಂದಕ್ಕೆ ತಿರುಗುತ್ತಿದ್ದರು. ಇನ್ನೊಂದು ಕೈಯಲ್ಲಿ ದಾಸವಾಳವಿತ್ತು.

ಮಿಕ್ಸರ್ ತಿರುಗುತ್ತಿಲ್ಲ ಎಂದು ಸೊಸೆ ಹೇಳಿದ್ದಾಳೆ. ಈ ಮನೆಯಲ್ಲಿ ಅಡಿಗೆಮನೆಯ ಯಂತ್ರ ನಿಂತರೆ ಮಾಡುವ ಕೆಲಸವೊಂದಿದೆ. ಅವರು ಅದನ್ನು ಮಾಡಲು ಹೊರಟಿದ್ದರು.

ಕೂಗಿದೆ. ಅವರ ಎಡಗಿವಿ ಮಂದ, ಹಂಡೆಯ ಒಲೆಯಲ್ಲಿ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ತಿರುಗಿ ನೋಡಲಿಲ್ಲ. ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಬಚ್ಚಿಡದೆ ಹೇಳಬೇಕು. ನಾನು ನಿಂತು ಯೋಚಿಸಿದೆ. ಹಿತ್ತಲ ಬಾಗಿಲಿಂದ ಓಡಿದರೆ ಮೂವತ್ತು ಹೆಜ್ಜೆ. ಆದರೆ ಅವರ ಕೈ ಪೈಪಿಗೆ ತಾಗಿದ ಮೇಲೆ ನಾನು ಅವರನ್ನು ಹಿಡಿದರೆ ಇಬ್ಬರೂ ಉಳಿಯುವುದಿಲ್ಲ. ಜಗಲಿಗೆ ಓಡಿದರೆ ಮೇನ್ ಇಳಿಸಬಹುದು. ಆದರೆ ಅಷ್ಟರಲ್ಲಿ ಅವರು ಕಣ್ಣಿಗೆ ಮರೆಯಾಗುತ್ತಾರೆ. ಪರ, ವಿರೋಧ. ಒಂದು ಉಸಿರಿನಷ್ಟೋ ಎರಡು ಉಸಿರಿನಷ್ಟೋ ಹೊತ್ತು ಎರಡು ಪಕ್ಷಗಳನ್ನೂ ತೂಗಿದೆ. ಅದರಷ್ಟು ಉದ್ದವಾದ ಹೊತ್ತನ್ನು ನಾನು ಬೇರೆ ಕಂಡಿಲ್ಲ.

ಜಗಲಿಗೆ ಓಡಿದೆ. ಓಡುವಾಗ ಕಂಬದಲ್ಲಿದ್ದ ಕಡಗೋಲು ಕೈಗೆ ಸಿಕ್ಕಿತು, ಒಣಗಿದ ಮರ. ಮೇನ್ ಸ್ವಿಚ್ಚಿನ ಮುಂದೆ ನಿಂತೆ. ಬೆಳಗ್ಗಿನಿಂದ ಎರಡು ಸಲ ಆ ಕಬ್ಬಿಣದ ಹಿಡಿಯನ್ನು ಬರಿಗೈಯಲ್ಲಿ ಹಿಡಿದಿದ್ದೆನಲ್ಲ ಎಂಬುದು ಆಗ ನೆನಪಾಯಿತು. ಕಡಗೋಲಿನ ತಲೆಯನ್ನು ಹಿಡಿಗೆ ಸಿಕ್ಕಿಸಿ ಕೆಳಗೆಳೆದೆ. ಮೊದಲ ಸಲ ಜಾರಿತು. ಎರಡನೆಯ ಸಲ ಹಿಡಿ ಠಣ್ಣೆಂದು ಕೆಳಗಿಳಿಯಿತು, ಒಳಗೆ ಫ್ರಿಜ್ಜಿನ ಸದ್ದು ನಿಂತಿತು. ನಾನು ಮನೆಯನ್ನು ಸುತ್ತಿ ಹಿಂದಕ್ಕೆ ಓಡಿದೆ.

ಅತ್ತೆ ನಿಂತಿದ್ದರು. ಕೊಡ ಬರಿದಾಗಿತ್ತು. ಗುಂಡಿಯ ಸುತ್ತಲಿನ ಮಣ್ಣು ಕಪ್ಪಗೆ ನೆನೆದು, ಅವರ ಪಾದದ ಬೆರಳುಗಳ ನಡುವೆ ಕೆಸರು ಏರಿತ್ತು. ಹೂವು ಪೈಪಿನ ಮೇಲಿತ್ತು. ನನ್ನ ಕೈಯಲ್ಲಿನ ಕಡಗೋಲನ್ನು ನೋಡಿ ಅವರಿಗೆ ಅರ್ಥವಾಗಲಿಲ್ಲ.

“ಈಗ ತಿರಗ್ತಾ ನೋಡು” ಎಂದರು.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಏನೂ ಆಗಲಿಲ್ಲವೇ ಎಂದು ಕೇಳಿದೆ. ಅವರು ಬಲಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, ಸಾರಿಗೆ ಉಪ್ಪು ಹಾಕಿದ್ದನ್ನು ಹೇಳುವ ದನಿಯಲ್ಲಿ ಹೇಳಿದರು: “ಮೊದ್ಲು ಕೈ ಜುಂ ಆತು. ಅರ್ಧ ಕೊಡ ಹಾಕದ್ರೊಳಗೆ ಬಿಟ್ಟೋತು. ಅದು ಯಾವಾಗ್ಲೂ ಹಂಗೇಯ. ಇವತ್ತು ಸ್ವಲ್ಪ ಜಾಸ್ತಿ.”

ಅರ್ಧ ಕೊಡ. ನಾನು ತೂಗಿದ ಉಸಿರುಗಳು, ಜಾರಿದ ಕಡಗೋಲು, ಇವೆಲ್ಲ ಸೇರಿ ಅರ್ಧ ಕೊಡ ನೀರು. ಎಷ್ಟೋ ವರ್ಷಗಳಿಂದ ದಿನವೂ ಮಿಂದು ಬಂದು ಅವರು ಆ ಜುಂಗುಡುವಿಕೆಗೆ ಕೈಯೊಡ್ಡಿದ್ದರು. ಅದನ್ನು ದೇವರ ಸಾನ್ನಿಧ್ಯವೆಂದು ತಿಳಿದಿದ್ದರೇ ಎಂದು ಆಮೇಲೊಮ್ಮೆ ಕೇಳಿದ್ದೇನೆ. ಹಾಗೇನಿಲ್ಲ, ಕಬ್ಬಿಣಕ್ಕೆ ಬಾಯಾರಿಕೆಯಾದರೆ ಹಾಗೆ ಮಾಡುತ್ತದೆ, ನೀರು ಕುಡಿದ ಮೇಲೆ ಸುಮ್ಮನಾಗುತ್ತದೆ ಎಂದುಕೊಂಡಿದ್ದರಂತೆ. ಹೂವು ಯಾಕೆ ಎಂದರೆ, ಮನೆಗೆ ದುಡಿಯುವುದಕ್ಕೆಲ್ಲ ಇಡುತ್ತೇವಲ್ಲ, ಒಲೆಗೆ ಇಡುವುದಿಲ್ಲವೇ ಎಂದರು.

ಮೂರು ಗಂಟೆಗೆ ವೈರ್‌ಮನ್ ಬೈಕಿನಲ್ಲಿ ಬಂದರು. ಮೊದಲು ಅಡಿಗೆಮನೆಯ ಎಲ್ಲ ಪಿನ್ನುಗಳನ್ನೂ ಕಿತ್ತಿಟ್ಟು, ನಮ್ಮಿಬ್ಬರನ್ನೂ ಮರದ ಮಣೆಯ ಮೇಲೆ ಕೂರಿಸಿ, ತಾವೇ ಮೇನ್ ಹಾಕಿದರು. ಹೋಲ್ಡರಿಗೆ ಎರಡು ತುಂಡು ತಂತಿ ಕಟ್ಟಿದ ಬಲ್ಬೊಂದು ಅವರ ಚೀಲದಲ್ಲಿತ್ತು. ಅದನ್ನು ಕೆಂಪಿಗೂ ಕಪ್ಪಿಗೂ ತಾಗಿಸಿದರು. ಕತ್ತಲು. ಕೆಂಪಿಗೂ ಹಸಿರಿಗೂ ತಾಗಿಸಿದರು. ಬಲ್ಬು ಹತ್ತಿತು. ನೀವು ಹಾಕಿದ ಕಪ್ಪು ಸತ್ತ ತಂತಿ, ಆದ್ದರಿಂದ ಮಿಕ್ಸರಿಗೆ ಬಂದ ವಿದ್ಯುತ್ತಿಗೆ ಮರಳುವ ದಾರಿಯಿಲ್ಲ, ಬಂದದ್ದು ಅಲ್ಲೇ ನಿಂತು ಕಪ್ಪಿನಲ್ಲೂ ಟೆಸ್ಟರ್ ಉರಿಸಿತು ಎಂದು ವಿವರಿಸಿದರು. ಫ್ರಿಜ್ಜು, ಅಡಿಗೆಮನೆಯ ಬಲ್ಬು, ಬಚ್ಚಲಿನ ಬಲ್ಬು ಮಾತ್ರ ಹಳೆಯ ಪ್ರಕಾರ ಹಸಿರಿನ ಮೂಲಕವೇ ಗುಂಡಿಗೆ ಇಳಿಸುತ್ತಿದ್ದವು. ಗುಂಡಿ ಒಣಗಿದಾಗ ಇಳಿಯಲಾರದ ವಿದ್ಯುತ್ತು ಅದೇ ತಂತಿಗೆ ಬಿಗಿದ ಎಲ್ಲ ಕಬ್ಬಿಣಕ್ಕೂ ಹರಡುತ್ತಿತ್ತು. ಬೆಳಿಗ್ಗೆ ಅಮ್ಮ ಒಂದು ಕೊಡ ಹಾಕಿದ್ದಕ್ಕೆ ಬಲ್ಬು ಇಷ್ಟಾದರೂ ಹತ್ತುತ್ತಿದೆ ಎಂದರು.

ಹೂವನ್ನು ಅವರು ಆಗಲೇ ನೋಡಿ ಬಂದಿದ್ದರು. ನೀರು ನಿಲ್ಲಿಸಿದವರು ಯಾರು ಎಂದು ಕೇಳಿದರು. ನಾನೆಂದೆ. ನಗಲಿಲ್ಲ, ಆದರೆ ಮೀಸೆಯೊಳಗೆ ಏನೋ ಇತ್ತು.

“ಪೂಜಿ ತಪ್ಪಿಸಿದ್ರಿ, ಸಿಟ್ಟಿಗೆದ್ದೈತಿ ನೋಡ್ರಿ. ಹೋಗ್ಲಿ ಬಿಡ್ರಿ, ನೀವು ಓದಿದ್ದು ಖರೇ ಐತಿ. ಸರಿ ಇದ್ದ ಮನಿಗೆ ದಿನಾ ನೀರು ಬ್ಯಾಡ. ಈ ಮನಿ ಸರಿ ಇರಲಿಲ್ಲ, ಅಷ್ಟ.”

ಅಟ್ಟ ಹತ್ತಿ ಹುಡುಕಿದಾಗ ಕಪ್ಪು ತಂತಿ ಸಿಕ್ಕಿತು. ಮುಂದಿನ ಮನೆಗೂ ಅಡಿಗೆಮನೆಗೂ ನಡುವೆ, ತೊಲೆಯ ಮೇಲೆ, ಇಲಿ ಒಂದು ಮೊಳದಷ್ಟು ತಿಂದುಹಾಕಿತ್ತು. ಕೆಳಗೆ ನಿಂತಿದ್ದ ಅತ್ತೆಗೆ ಆಗ ಎಲ್ಲ ನೆನಪಾಯಿತು. ಒಂದು ಬೇಸಿಗೆಯಲ್ಲಿ ಅಡಿಗೆಮನೆ ಕತ್ತಲಾದದ್ದು, ಮಾವ ಯಾರನ್ನೋ ಕರೆತಂದದ್ದು, ಆತ ಹಸಿರನ್ನು ಹಿಡಿದು ಏನೋ ಮಾಡಿ ಬೆಳಕು ಬರಿಸಿ, ಹೊಸ ತಂತಿ ತರುವ ತನಕ ಗುಂಡಿಗೆ ದಿನವೂ ನೀರು ಹಾಕಬೇಕು ಎಂದು ಹೇಳಿ ಹೋದದ್ದು. “ನಾಕು ದಿವ್ಸಕ್ಕೆ ಹೇಳಿ ಮಾಡಿದ್ದು” ಎಂದರು. ಮಳೆ ಬಂತು, ಬೆಳಕು ಚೆನ್ನಾಗಿಯೇ ಇತ್ತು, ತಂತಿ ತರುವುದು ಮರೆತುಹೋಯಿತು. ಮಾವ ತೀರಿಕೊಂಡರು. ನೀರು ಮಾತ್ರ ಉಳಿಯಿತು. ಇದನ್ನೆಲ್ಲ ಮೊದಲೇ ಏಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಹೇಳಲು ಅವರು ಬಾಯಿ ತೆರೆದಿದ್ದ ದಿನ, ನಾನು ಅವರ ಮಾತಿನಲ್ಲಿ ದುರ್ಬಲವಾದ ಜಾಗ ಎಲ್ಲಿದೆಯೆಂದು ಹುಡುಕುತ್ತಿದ್ದೆ.

ವೈರ್‌ಮನ್ ಅಡಿಗೆಮನೆಯ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಹೋದರು. ತಂತಿ ಶಿರಸಿಯಿಂದ ತರಬೇಕು, ಒಪ್ಪಿಕೊಂಡ ಕೆಲಸ ಬೇರೆ ಇದೆ, ನಾಡಿದ್ದು ಬರುತ್ತೇನೆ ಎಂದರು. ಸಂಜೆ ಹುಳಿಯಾಗುತ್ತಿದ್ದ ಮೊಸರನ್ನು ನೋಡಿ ಅತ್ತೆ ಮೆಲ್ಲಗೆ ಪ್ರಸ್ತಾಪ ತೆಗೆದರು. ಹಸಿರನ್ನು ಮೊದಲಿದ್ದಲ್ಲಿಗೇ ಹಾಕಿದರೆ ಆಗದೇ? ಎಂದಿನಂತೆ ನೀರು ಹಾಕುತ್ತೇನೆ. “ಇಷ್ಟು ವರ್ಷ ಯಾರು ಸತ್ತಿದ್ದ?” ಎಂದರು. ನಿಜಕ್ಕೂ ಯಾರೂ ಸತ್ತಿರಲಿಲ್ಲ. ಅದು ಬಲವಾದ ವಾದ. ನಾನು ವಾದ ಮಾಡದೆ, ಬೇಡ ಅತ್ತೆ, ನನಗೆ ಹೆದರಿಕೆ ಎಂದೆ. ಆ ಮಾತನ್ನು ಅವರ ಮುಂದೆ ಹೇಳಿದ್ದು ಅದೇ ಮೊದಲು. ಅವರು ಮೊಸರನ್ನು ಕಡೆಯಲು ಕುಳಿತರು.

ವಿದ್ಯುತ್ತು ಇಲ್ಲದ ಅಡಿಗೆಮನೆಯಲ್ಲೂ ಭಯ ಹೋಗಲಿಲ್ಲ. ಹಿತ್ತಾಳೆಯ ನಲ್ಲಿ ಮುಟ್ಟುವಾಗ ಕೈ ತಡೆಯುತ್ತಿತ್ತು. ಮಗಳು ಭೈರುಂಬೆಯಿಂದ ಬಂದವಳೇ ಫ್ರಿಜ್ಜಿನ ಕಡೆ ಓಡಿದಾಗ ನಾನು ಅವಳ ಜಡೆ ಹಿಡಿದೆಳೆದೆ, ಅವಳು ಅತ್ತಳು. ಗಂಡ ನಡೆದದ್ದನ್ನು ಕೇಳಿ ಗುಂಡಿಯ ಸುತ್ತ ಮುಳ್ಳಿನ ಕೊಂಬೆ ಹಾಕಿ ಬಂದರು. ಮರುದಿನ ಸಿದ್ದಾಪುರದಾಚೆ ನಿಲ್ಕುಂದದಲ್ಲಿ ಹೆಂಗಸರ ಕೂಟ ಮೊದಲೇ ಗೊತ್ತಾಗಿತ್ತು. ಹೋದೆ. ರಟ್ಟಿನ ಚಿತ್ರ ಬಿಡಿಸುವ ಮುಂಚೆ ಒಂದು ಪ್ರಶ್ನೆ ಕೇಳಿದೆ: ಗುಂಡಿಗೆ ನೀರು ಹಾಕಿದಾಗ ಯಾರ ಮನೆಯಲ್ಲಿ ದೀಪ ದೊಡ್ಡದಾಗುತ್ತದೆ? ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅವಳನ್ನು ನೋಡಿ ಪಕ್ಕದವಳು ಎತ್ತಿದಳು. ಆಮೇಲೆ ಗೋಡೆಯ ಬದಿಯಿಂದ, ಬಾಗಿಲ ಬದಿಯಿಂದ ಎದ್ದವು. ಎಣಿಸುವ ಧೈರ್ಯ ನನಗೆ ಬರಲಿಲ್ಲ. ಅವರಲ್ಲಿ ಒಬ್ಬಳು ಬಸುರಿ. ಅವರವರ ಮನೆಯ ವೈರ್‌ಮನ್ನಿನ ಬಳಿ ಏನು ಕೇಳಬೇಕೆಂದು ಒಬ್ಬೊಬ್ಬರಿಗೂ ಬರೆದುಕೊಟ್ಟೆ. ಅಲ್ಲಿಯ ತನಕ ಒದ್ದೆ ಕಾಲಲ್ಲಿ ಪೈಪು ಮುಟ್ಟಬೇಡಿ ಎಂದೆ. ನನ್ನ ದನಿ ನಡುಗುತ್ತಿದ್ದುದನ್ನು ಅವರೆಲ್ಲ ಕೇಳಿದರು.

ಮಾತು ಕೊಟ್ಟಂತೆ ಮೂರನೆಯ ದಿನ ವೈರ್‌ಮನ್ ಬಂದರು. ಅಟ್ಟದ ಮೇಲಿಂದ ಹೊಸ ಕಪ್ಪು ತಂತಿ ಎಳೆದರು, ಅಡಿಗೆಮನೆ, ಬಚ್ಚಲಿನ ಒಂದೊಂದು ಪಾಯಿಂಟನ್ನೂ ಬಿಚ್ಚಿ ಹಸಿರನ್ನು ಅದರ ಜಾಗಕ್ಕೆ ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮೇನ್ ಹಾಕಿ, ತಮ್ಮ ಬಲ್ಬಿನಿಂದ ಎಲ್ಲ ಪರೀಕ್ಷಿಸಿ, ಫ್ರಿಜ್ಜಿನ ಮೂಲೆಗೆ ಟೆಸ್ಟರ್ ತಾಗಿಸಿ ತೋರಿಸಿದರು. ಉರಿಯಲಿಲ್ಲ. ಚೀಲ ಕಟ್ಟುತ್ತ, ಈಗ ಮುಟ್ಟಬಹುದು ಎಂದರು.

ಯಾರೂ ಮುಟ್ಟಲಿಲ್ಲ. ಫ್ರಿಜ್ಜು ಎಂದಿನ ಸದ್ದಿನಲ್ಲಿ ಗೊರಗುಟ್ಟುತ್ತಿತ್ತು. ನಾನು ಕೈ ಚಾಚಿದೆ, ಕೈ ಅರ್ಧದಲ್ಲಿ ನಿಂತಿತು. ಆಗ ಅತ್ತೆ ನನ್ನ ಮಣಿಕಟ್ಟು ಹಿಡಿದು ಬದಿಗೆ ಸರಿಸಿದರು.

“ಆನು ಮುಟ್ತೆ. ನೀ ಹಿಂದೆ ನಿಲ್ಲು. ನಿಂಗೆ ಸಣ್ಣ ಕೂಸು ಇದ್ದು. ಎಂಗೆ ಹೆಂಗೂ ಅದರ ಜುಂ ಅಭ್ಯಾಸ ಇದ್ದು.”

ಅವರು ತಮಾಷೆ ಮಾಡುತ್ತಿರಲಿಲ್ಲ. ಕಾಲಿನ ಹವಾಯಿ ಚಪ್ಪಲಿಯನ್ನೂ ಕಳಚಿಟ್ಟು, ದೇವರ ಮನೆಗೆ ಹೋಗುವವರಂತೆ ಸೆರಗು ಸರಿಮಾಡಿಕೊಂಡಿದ್ದರು. ಅವರ ಪಾದ ಈಗಷ್ಟೇ ತೊಳೆದು ಒದ್ದೆಯಾಗಿತ್ತು. ಈ ಮನೆಯಲ್ಲಿ ಅಪಾಯಕ್ಕೆ ಮೊದಲು ಕೈಯೊಡ್ಡುವುದು ತಮ್ಮ ಪಾಳಿಯೆಂದು ಯಾರೂ ಹೇಳದೆಯೇ ಒಪ್ಪಿಕೊಂಡವರ ಮುಖ ಅದು. ನಾನು ಅವರ ಭುಜ ಹಿಡಿದು ಹಿಂದಕ್ಕೆಳೆದೆ. ಅವರು ಬಿಡಲಿಲ್ಲ. ಐವತ್ತು ಕೆಜಿಯೂ ಇಲ್ಲದ ಹೆಂಗಸಿಗೆ ಅಷ್ಟು ಬಲ ಎಲ್ಲಿತ್ತೋ. ಕಟ್ಟಿದ ಚೀಲ ಹಿಡಿದ ವೈರ್‌ಮನ್ ಏನು ಮಾಡಬೇಕೆಂದು ತೋಚದೆ, ಅಮ್ಮಾರ, ಟೆ‌ಸ್ಟರ್ ತೋರಿಸಿದ್ನಲ್ರಿ ಎನ್ನುತ್ತಿದ್ದರು.

ಅತ್ತೆಯ ಕೈಯನ್ನು ನನ್ನ ಎಡಗೈಯಲ್ಲಿ ಬಿಗಿಯಾಗಿ ಹಿಡಿದಿಟ್ಟುಕೊಂಡು, ಆಮೇಲೆ ಅದು ಎಷ್ಟು ಮೂರ್ಖತನವೆಂದು ಹೊಳೆದು ಬಿಟ್ಟುಬಿಟ್ಟೆ. ಏನಾದರೂ ಆದರೆ ನನ್ನ ಮೂಲಕ ಅವರಿಗೂ ಹೋಗುತ್ತಿತ್ತು. ಹಿಂದೆ ಹೋಗಿ ಎಂದು ಗದರಿಸಿದೆ. ಅತ್ತೆಗೆ ಗದರಿಸಿದ್ದು ಅದೇ ಮೊದಲು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯನ್ನು ಬಾಗಿಲ ಆ ಮೂಲೆಗೆ ತಾಗಿಸಿದೆ.

ತಣ್ಣಗಿತ್ತು. ಬರೀ ಕಬ್ಬಿಣ.

ಕೈ ತೆಗೆಯದೆ ಹಾಗೆಯೇ ನಿಂತೆ. ನಿಲ್ಲುವಷ್ಟು ಹೊತ್ತೂ ಹೆದರಿದೆ. ಹಿಂದಿನಿಂದ ಅತ್ತೆ, ಸಾಕು ತೆಗಿ ತಂಗಿ, ಸಾಕು ತೆಗಿ ಎನ್ನುತ್ತಲೇ ಇದ್ದರು.